ಅಡಿಗೊಂದು ಸೂತ

ಗುಂಜಿಯಲ್ಲಿ ಎತ್ತ ತಿರುಗಿದರೂ ಮರವೇ. ಆದರೆ ಆ ಮರದಲ್ಲಿ ಒಂದು ಮಣೆ ಮಾಡಿಕೊಳ್ಳುವ ಹಣೆಬರಹ ಗುಂಜಿಯವರದಲ್ಲ. ಮುಟ್ಟಿದರೆ ಗಾರ್ಡು, ಕಡಿದರೆ ಕೇಸು. ಸಾಗವಾನಿ ಅವರ ಹಿತ್ತಲ ಹಿಂದೆಯೇ ಬೆಳೆಯುತ್ತದೆ, ಅವರ ಮುಂದೆಯೇ ಲಾರಿ ಹತ್ತಿ ಯಾರದೋ ಬಂಗಲೆಯ ಬಾಗಿಲಾಗಲು ಹೋಗುತ್ತದೆ. ಹಾಗಾಗಿಯೇ ಬಂಡೆಪ್ಪ ತನ್ನ ತಾಯಿಗೆ ಒಂದು ಬೆಂಚು ಮಾಡಿಕೊಟ್ಟಾಗ ಅದರ ಕಟ್ಟಿಗೆ ಬಂದದ್ದು ಊರ ಕಾಡಿನಿಂದಲ್ಲ, ಸಮುದ್ರದಾಚೆಯ ಯಾವುದೋ ದೇಶದಿಂದ.

ಬಂಡೆಪ್ಪ ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯ ಪ್ಯಾಟರ್ನ್ ಮಿಸ್ತ್ರಿ. ಎರಕದಲ್ಲಿ ಏನು ಬರಬೇಕೋ ಅದರ ಅಚ್ಚನ್ನು ಮೊದಲು ಅವನು ಕಟ್ಟಿಗೆಯಲ್ಲಿ ಮಾಡಬೇಕು. ಆ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಪೊಳ್ಳಿನೊಳಗೆ ಕಾದ ಕಬ್ಬಿಣ ಹೊಯ್ಯುತ್ತಾರೆ. ಇಪ್ಪತ್ತೆರಡು ವರ್ಷದಿಂದ ಬೆಳಗಿನ ಪ್ಯಾಸೆಂಜರ್ ಹತ್ತಿ, ಖಾನಾಪುರ ದಾಟಿ ಬೆಳಗಾವಿಗೆ ಹೋಗಿ ಅವನು ಮಾಡುತ್ತಿದ್ದುದು ಇದನ್ನೇ. ಅವನ ಕೈಯಲ್ಲಿ ಹುಟ್ಟಿದ ಪಂಪುಗಳು ಎಷ್ಟು ಊರಿನ ಬಾವಿಗಳಲ್ಲಿ ನೀರೆತ್ತುತ್ತಿವೆಯೋ ಲೆಕ್ಕವಿಲ್ಲ. ಒಂದರ ಮೇಲೂ ಅವನ ಹೆಸರಿಲ್ಲ. ಅದಕ್ಕೆ ಅವನಿಗೆ ಬೇಸರವೂ ಇರಲಿಲ್ಲ ಅನ್ನಿ, ಬೇಸರವೆಲ್ಲ ಅವನ ಹೆಂಡತಿ ಪ್ರಮಿಳಾಗೆ.

ಆ ವರ್ಷ ಫೌಂಡ್ರಿಗೆ ಹೊರದೇಶದ ಯಂತ್ರಗಳು ಬಂದವು. ಒಂದೊಂದು ಯಂತ್ರದ ಅಡಿಗೂ ಬಿಳಿ ಕಟ್ಟಿಗೆಯ ಅಟ್ಟಣಿಗೆ. ಆಫೀಸಿನವರು ಅದನ್ನು ಪ್ಯಾಲೆಟ್ ಅಂದರು, ಕೆಲಸಗಾರರು ಖೋಕಾ ಕಟ್ಟಿಗೆ ಅಂದರು. ಯಂತ್ರ ಇಳಿದ ಮೇಲೆ ಕಟ್ಟಿಗೆ ಅಂಗಳದ ಮೂಲೆಗೆ ಬಿತ್ತು. ವಾಚಮನ್ ಸ್ನಾನದ ನೀರು ಕಾಸಲು ಸುಡತೊಡಗಿದ. ಬಂಡೆಪ್ಪನಿಗೆ ನೋಡಲಾಗಲಿಲ್ಲ. ಗಂಟು ಜಾಸ್ತಿ ನಿಜ, ಆದರೆ ಎಳೆ ನೆಟ್ಟಗಿತ್ತು, ಮೂಗಿಗೆ ಹಿಡಿದರೆ ರಾಳದ ವಾಸನೆ. ಮ್ಯಾನೇಜರ್ ಶಶಿಧರ ಸಾಹೇಬರ ಹತ್ತಿರ ಹೋಗಿ ಕೈಮುಗಿದು ಕೇಳಿದ. ಅವರು ತಲೆಯೆತ್ತದೆ ಗೇಟ್ ಪಾಸಿನ ಮೇಲೆ 'ನಿರುಪಯುಕ್ತ ಕಟ್ಟಿಗೆ' ಎಂದು ಬರೆದು ಸಹಿ ಹಾಕಿಕೊಟ್ಟರು.

ಮೊಳೆ ಕೀಳುವುದೇ ದೊಡ್ಡ ಕೆಲಸ. ಆ ಮೊಳೆಗಳಿಗೆ ಮೈತುಂಬ ಸುರುಳಿ, ಎಳೆದರೆ ಕಟ್ಟಿಗೆಯನ್ನೇ ಸೀಳಿಕೊಂಡು ಬರುತ್ತಿದ್ದವು. ಬಂಡೆಪ್ಪ ಊಟದ ಬಿಡುವಿನಲ್ಲಿ ಕೂತು, ಒಂದೊಂದರ ತಲೆಯ ಸುತ್ತ ಉಳಿಯಿಂದ ಕೆತ್ತಿ, ಹಗುರಕ್ಕೆ ಎತ್ತಿದ. ಸಂಜೆ ಪಾಳಿ ಮುಗಿದ ಮೇಲೆ ಪ್ಯಾಟರ್ನ್ ಶಾಪಿನ ಮೇಜಿನ ಮೇಲೆಯೇ ಅಳೆದು, ಕೊಯ್ದು, ಕೀಸಿದ. ಆಮೇಲೆ ತುಂಡುಗಳನ್ನು ಕಟ್ಟು ಕಟ್ಟಿ, ರೈಲಿನಲ್ಲಿ ಸೀಟಿನ ಕೆಳಗೆ ತಳ್ಳಿಕೊಂಡು ಊರಿಗೆ ತಂದ. ಹೀಗೆ ಎರಡು ತಿಂಗಳು. "ಕಾಡಿನ್ಯಾಗ ಹುಟ್ಟಿ, ಬೆಳಗಾವಿಯಿಂದ ಕಟ್ಟಿಗಿ ತರೂ ಶ್ಯಾಣ್ಯಾ ಇವನೊಬ್ಬನ" ಎಂದು ಸ್ಟೇಶನ್ನಿನಲ್ಲಿ ಎಲ್ಲರೂ ನಕ್ಕರು.

ಬೆಂಚು ಬೇಕಾಗಿದ್ದು ಕಾಡವ್ವನಿಗೆ, ಬಂಡೆಪ್ಪನ ತಾಯಿಗೆ. ಮೊಣಕಾಲು ಹಿಡಿದುಕೊಂಡು, ನೆಲಕ್ಕೆ ಕೂತರೆ ಏಳಲು ಇಬ್ಬರು ಬೇಕಿತ್ತು. ಕುರ್ಚಿಯ ಮೇಲೆ ಕೂರಿಸಿದರೆ ಕಾಲು ನೆಲಕ್ಕೆ ಮುಟ್ಟದೆ ಜೋತು ಬಿದ್ದು ಇನ್ನಷ್ಟು ನೋವು. ಮೊದಲೇ ಕುಳ್ಳಿ, ವಯಸ್ಸಾಗಿ ಮತ್ತಷ್ಟು ಕುಗ್ಗಿದ್ದಳು. ಬಂಡೆಪ್ಪ ಒಂದು ದಿನ ಪ್ರಮಿಳಾಳ ಹೊಲಿಗೆ ಡಬ್ಬಿಯಿಂದ ದಾರ ತೆಗೆದು, ತಾಯಿಯನ್ನು ಕಟ್ಟೆಯ ಮೇಲೆ ಕೂರಿಸಿ, ಹಿಮ್ಮಡಿಯಿಂದ ಮೊಣಕಾಲ ಸಂದಿಯವರೆಗೆ ಹಿಡಿದು ಗಂಟು ಹಾಕಿಕೊಂಡ.

"ಏನೋ ಬಂಡ್ಯಾ, ಕಾಲಿಗೆ ಅಂಗಿ ಹೊಲಸಾಂವೇನ?" ಎಂದಳು ಕಾಡವ್ವ.

"ಕುಂದರೂ ಎತ್ತರ ಇದಬೇ. ಇದಕ್ಕ ಅಳತಿ ಪಟ್ಟಿ ಬ್ಯಾಡ, ನಿನ್ನ ಕಾಲ ಸಾಕು."

ಪಡಸಾಲೆಯಲ್ಲಿ ಗೋಡೆಗೂ ಕಂಬಕ್ಕೂ ನಡುವೆ ಆರು ಅಡಿಗಿಂತ ಕೂದಲೆಳೆಯಷ್ಟೇ ಹೆಚ್ಚು ಜಾಗ. ಅಲ್ಲಿ ಸರಿಯಾಗಿ ಕೂರುವಂತೆ ಆರು ಅಡಿ ಉದ್ದದ ಬೆಂಚು ಎಂದು ಅವನ ಲೆಕ್ಕ. ಊರಲ್ಲಿ ಜೋಡಿಸಿದ. ಎಂಥ ಬೆಂಚು! ಬೆನ್ನಿಗೆ ಅಗಲದ ಹಲಗೆಗಳು, ಜೋಡುಗಳಲ್ಲಿ ಒಂದು ಮೊಳೆಯಿಲ್ಲ, ಎಲ್ಲ ಕಟ್ಟಿಗೆಯೊಳಗೆ ಕಟ್ಟಿಗೆ ಹೊಕ್ಕದ್ದು. ಒರಟು ಕಟ್ಟಿಗೆಯ ಗಂಟುಗಳನ್ನು ಹಾಗೆಯೇ ಬಿಟ್ಟಿದ್ದ. ಬೆನ್ನ ಹಲಗೆಯ ನಡುವೆ ಕಪ್ಪು ಬಣ್ಣದ ಒಂದು ಛತ್ರಿಯ ಗುರುತಿತ್ತು, ಸಾಮಾನನ್ನು ಮಳೆಯಲ್ಲಿ ಇಡಬೇಡಿ ಎಂದು ಆ ದೇಶದವರು ಒತ್ತಿದ್ದು. ಅದನ್ನು ಕೀಸಿ ತೆಗೆಯಲು ಹೊರಟರೆ ಕಾಡವ್ವ ಬಿಡಲಿಲ್ಲ. "ಇರಲಿ ಬಿಡೋ. ನನಗಂತ ಛತ್ರಿ ಕೊಟ್ಟ ಕಳಿಸ್ಯಾರ" ಎಂದಳು.

ಎಲ್ಲ ಸರಿ. ಒಳಗೆ ಒಯ್ದು ಇಟ್ಟರೆ ಹಿಡಿಸಲಿಲ್ಲ.

ಬಂಡೆಪ್ಪ ಹಿಂದೆ ಎಳೆದ, ಮುಂದೆ ತಳ್ಳಿದ, ಓರೆ ಮಾಡಿದ. ಕಂಬ ಅಡ್ಡ ಬಂತು. ಪ್ರಮಿಳಾ ಹೊಲಿಗೆ ಮಿಶನ್ನಿನಿಂದೆದ್ದು, ಕೊರಳಲ್ಲಿ ಯಾವಾಗಲೂ ಇರುವ ಟೇಪು ತೆಗೆದು ಬೆಂಚನ್ನು ಅಳೆದಳು. ಆರು ಅಡಿ, ಮೇಲೆ ಮುಕ್ಕಾಲು ಇಂಚು.

"ಮುಕ್ಕಾಲ ಇಂಚ ಅಂದ್ರ ಆರು ಸೂತ" ಎಂದ ಬಂಡೆಪ್ಪ. ಇಂಚಿನ ಎಂಟನೇ ಒಂದು ಪಾಲಿಗೆ ಮಿಸ್ತ್ರಿಗಳು ಸೂತ ಅನ್ನುತ್ತಾರೆ. "ಆರು ಅಡಿಗೆ ಆರು ಸೂತ." ಅಷ್ಟು ಹೇಳುತ್ತಲೇ ಅವನ ಮುಖ ಬಿಳಿಚಿಕೊಂಡಿತು. ಚೀಲದಿಂದ ತನ್ನ ಉಕ್ಕಿನ ಪಟ್ಟಿ ತೆಗೆದು ನೋಡಿದ. ನೋಡುವುದೇನಿತ್ತು, ಅವನಿಗೆ ಗೊತ್ತಾಗಿತ್ತು.

ಕಾದ ಕಬ್ಬಿಣ ಆರುವಾಗ ಅಡಿಗೆ ಒಂದು ಸೂತ ಕುಗ್ಗುತ್ತದೆ. ಅದಕ್ಕೇ ಪ್ಯಾಟರ್ನ್ ಮಿಸ್ತ್ರಿಗಳ ಪಟ್ಟಿ ಬೇರೆ. ಅದರ ಮೇಲಿನ ಒಂದು ಅಡಿ ನಮ್ಮ ನಿಮ್ಮ ಅಡಿಗಿಂತ ಒಂದು ಸೂತ ಉದ್ದ. ಮೊದಲೇ ದೊಡ್ಡದಾಗಿ ಮಾಡಿದ ಅಚ್ಚಿನಿಂದ ಬಂದ ಕಬ್ಬಿಣ ಕುಗ್ಗಿ ಸರಿಯಾದ ಅಳತೆಗೆ ಬಂದು ನಿಲ್ಲುತ್ತದೆ. ಬಂಡೆಪ್ಪ ಬೆಂಚಿನ ತುಂಡುಗಳನ್ನೂ ಅದೇ ಪಟ್ಟಿ ಹಿಡಿದು ಕೊಯ್ದಿದ್ದ. ಕಬ್ಬಿಣವೇನೋ ಕುಗ್ಗುತ್ತದೆ, ಖೋಕಾ ಕಟ್ಟಿಗೆ ಯಾಕೆ ಕುಗ್ಗೀತು?

ಪ್ರಮಿಳಾ ಬಿದ್ದು ಬಿದ್ದು ನಕ್ಕಳು. ಗಂಡ ನಗಲಿಲ್ಲ.

"ಯಾರ ಮುಂದೂ ಹೇಳಬ್ಯಾಡ. ಇಪ್ಪತ್ತೆರಡ ವರ್ಷದ ಮಿಸ್ತ್ರಿ ಪಟ್ಟಿ ಮರತ ಅಂತ ಫೌಂಡ್ರಿಯಾಗ ಗೊತ್ತಾದ್ರ ನಾ ಸಾಯೂತನಕ ನಗತಾರ."

"ಒಂದ ತುದಿ ಕೊಯ್ದ ಬಿಡ್ರಿ ಮತ್ತ."

"ಜೋಡ ಎಲ್ಲಾ ತುದಿಗೇ ಅದಾವ. ಕೊಯ್ದ್ರ ಬೆಂಚ ಹೋತು."

ಜಗಳ ಬಗೆಹರಿಸಿದ್ದು ಕಾಡವ್ವ. "ಅಂಗಳದಾಗ ಹಾಕ್ರಿ. ಒಳಗ ಕುಂತ ನಾ ಯಾರನ್ನ ನೋಡ್ಲಿ?" ಬೆಂಚು ತಗಡಿನ ಮಾಡಿನ ಕೆಳಗೆ ಅಂಗಳಕ್ಕೆ ಬಂತು. ಮುದುಕಿ ಬೆಳಗಾದರೆ ಅದರ ಮೇಲೆ. ಎರಡೂ ಪಾದ ನೆಲಕ್ಕೆ ಊರಿ, ಬೆನ್ನನ್ನು ಛತ್ರಿಗೆ ಆನಿಸಿ, ಸ್ಟೇಶನ್ನಿಗೆ ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದಳು. ಯಾರ ಕೈಯನ್ನೂ ಹಿಡಿಯದೆ ತಾನೇ ಏಳುತ್ತಿದ್ದಳು. ಅದನ್ನು ನೋಡಿ ಪ್ರಮಿಳಾ ಒಳಗೊಳಗೇ ಗಂಡನಿಗೆ ಸೈ ಅಂದಿದ್ದಳು.

ಹೀಗಿರುವಾಗ ಒಂದು ಭಾನುವಾರ ಶಶಿಧರ ಸಾಹೇಬರು ಕಾರಿನಲ್ಲಿ ಬಂದರು. ಲೋಂಡಾ ಕಡೆ ಹೊರಟಿದ್ದರು, ಬಂಡೆಪ್ಪ ಜೇನುತುಪ್ಪ ತೆಗೆದಿಡುವೆನೆಂದಿದ್ದ. ಜೇನಿನ ಬಾಟಲಿ ಕೈಗೆ ಬಂದರೂ ಸಾಹೇಬರ ಕಣ್ಣು ಬೆಂಚಿನ ಮೇಲಿಂದ ಸರಿಯಲಿಲ್ಲ. ಸುತ್ತ ತಿರುಗಿದರು, ಗಂಟುಗಳ ಮೇಲೆ ಬೆರಳಾಡಿಸಿದರು.

"ಭಾರಿ ಅದನೋ ಬಂಡೆಪ್ಪ! ಇದಕ್ಕ ರಸ್ಟಿಕ್ ಅಂತಾರ. ಪುಣೆದಾಗ ದೊಡ್ಡ ದೊಡ್ಡ ಮನಿಯೊಳಗ ಇಂಥಾದ್ದನ್ನ ಇಡ್ತಾರ. ಉದ್ಯಮಿಗಳ ಸಂಘದ್ದು ಒಂದು ಪ್ರದರ್ಶನ ಅದ, 'ಕಸದಿಂದ ಕಲೆ' ಅಂತ. ಎರಡ ದಿವಸ ಕೊಡು, ತೋರಿಸಿ ಕಳಸ್ತೀನಿ."

ಬಂಡೆಪ್ಪ ಇಲ್ಲವೆನ್ನಲಿಲ್ಲ. ಅವನು ಯಾರಿಗೆ ಯಾವಾಗ ಇಲ್ಲವೆಂದಿದ್ದ? ಮರುದಿನವೇ ಟೆಂಪೊ ಬಂತು. ಕಾಡವ್ವ ಕಟ್ಟೆಗೆ ಆತುಕೊಂಡು, "ಜ್ವಾಕಿ ಒಯ್ರೆಪಾ" ಎಂದಳು.

ಎರಡು ದಿನ ಹೋಗಿ ಹದಿನೈದು ದಿನವಾಯಿತು. ಕಾಡವ್ವನಿಗೆ ಮತ್ತೆ ನೆಲವೇ ಗತಿಯಾಯಿತು. ಏಳುವಾಗ ಪ್ರಮಿಳಾಳ ಹೆಗಲು, ಕೂರುವಾಗ ಪ್ರಮಿಳಾಳ ಹೆಗಲು. "ಕೇಳ್ರಿ ನಿಮ್ಮ ಸಾಹೇಬರನ್ನ" ಎಂದು ಅವಳು ದಿನಾ ಅನ್ನುವಳು. "ಇಂದ ಕೇಳತೇನಿ" ಎಂದು ಅವನು ದಿನಾ ರೈಲು ಹತ್ತುವನು.

ಶನಿವಾರ ಪ್ರಮಿಳಾ ಅಸ್ತರ್ ಬಟ್ಟೆ ತರಲು ಖಾನಾಪುರಕ್ಕೆ ಹೋದಳು. ಬಟ್ಟೆ ಅಂಗಡಿಯ ಸಾತಪ್ಪ ಬಟ್ಟೆ ಹರಿಯುತ್ತ, "ಅಕ್ಕಾರ, ನಿಮ್ಮ ಮನಿಯವರ ಸಾಹೇಬರ ಫೋಟೊ ಬಂದೈತಿ ನೋಡ್ರಿ ಪೇಪರಿನ್ಯಾಗ" ಎಂದು ಮುಂದೆ ಹಿಡಿದ.

ಶಶಿಧರ ಸಾಹೇಬರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಕೂತದ್ದು ಬೆಂಚಿನ ಮೇಲೆ. ಕಾಡವ್ವನ ಬೆಂಚಿನ ಮೇಲೆ. ಕೆಳಗೆ ಹೀಗೆ ಬರೆದಿತ್ತು: 'ಎಸೆದ ಪ್ಯಾಲೆಟ್ ಕಟ್ಟಿಗೆಯಿಂದ ಬಿಡುವಿನ ವೇಳೆಯಲ್ಲಿ ಸ್ವತಃ ತಾವೇ ತಯಾರಿಸಿದ ಬೆಂಚಿನೊಂದಿಗೆ ಪ್ರಥಮ ಬಹುಮಾನ ವಿಜೇತ ಶ್ರೀ ಶಶಿಧರ. ಭಾನುವಾರ ಬಹುಮಾನ ವಿತರಣೆ.'

ಪ್ರಮಿಳಾ ಎರಡು ಸಲ ಓದಿದಳು. ಮೈಯೆಲ್ಲ ಬೆಂಕಿ ಹೊತ್ತಿಕೊಂಡಿತು. ಸ್ವತಃ ತಾವೇ! ಆ ಮನುಷ್ಯನ ಬೆರಳುಗಳಲ್ಲಿ ಉಂಗುರಗಳಿದ್ದವು, ಒಂದು ಗೀರಾದರೂ ಇತ್ತೇ? ಅವಳ ಗಂಡನ ಅಂಗೈಯಲ್ಲಿ ಆ ಮೊಳೆಗಳು ಬರೆದ ಗೆರೆಗಳು ಇನ್ನೂ ಮಾಯ್ದಿರಲಿಲ್ಲ. ಅಸ್ತರ್ ಬಟ್ಟೆಯನ್ನು ಅಲ್ಲೇ ಮರೆತು, ಪೇಪರನ್ನು ಮಾತ್ರ ಎತ್ತಿಕೊಂಡು ಅವಳು ಸ್ಟೇಶನ್ನಿಗೆ ನಡೆದಳು.

ಸಂಜೆ ಬಂಡೆಪ್ಪ ಪೇಪರು ನೋಡಿ ಸುಮ್ಮನೆ ಮಡಚಿಟ್ಟ. ಅವನಿಗೆ ಮೊದಲೇ ಗೊತ್ತಿತ್ತು. ಟೆಂಪೊದಿಂದ ಬೆಂಚನ್ನು ಇಳಿಸಿಕೊಟ್ಟವನೂ ಅವನೇ ಅಂತೆ.

"ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡ ಕುಂತೀರಿ?"

"ಬಿಡ. ಅದು ತಪ್ಪಿದ್ದ ಸಾಮಾನು. ನನ್ನ ಹೆಸರ ಹಾಕಿದ್ರ ಯಾರರೆ ಅಳತಿ ಹಿಡೀತಾರ. ಹಿಡದ್ರ ಎದಿ ಒಡದ ಸಾಯತೇನಿ. ಅವರ ಹೆಸರಿಗೇ ಇರಲಿ."

"ಮತ್ತ ಅತ್ತಿ ಕುಂದರೂದು ಎಲ್ಲಿ?"

ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಕಾಡವ್ವ, "ನನ್ನ ಸಲುವಾಗಿ ಕೆಲಸಕ್ಕ ಕಲ್ಲ ಹಾಕ್ಕೊಬ್ಯಾಡ್ರೆವಾ" ಎಂದಳು. ಆ ಮಾತು ಕೇಳಿ ಪ್ರಮಿಳಾಗೆ ಅಳು ಬರಲಿಲ್ಲ, ಸಿಟ್ಟು ಇಮ್ಮಡಿಯಾಯಿತು. ಕಸಿದುಕೊಂಡವನಿಗೆ ಬಹುಮಾನವಂತೆ, ಕಳಕೊಂಡವರು ಕೆಲಸ ಉಳಿದರೆ ಸಾಕು ಎಂದು ಕೈಮುಗಿಯಬೇಕಂತೆ!

ಭಾನುವಾರ ಬೆಳಗ್ಗೆ ಬಂಡೆಪ್ಪ ಮುಂಚೆಯೇ ಹೋಗಿದ್ದ, ಸಭೆಯ ಕೆಲಸಕ್ಕೆ ಬಾ ಎಂದು ಸಾಹೇಬರ ಕರೆ. ಪ್ರಮಿಳಾ ಮುಂದಿನ ಗಾಡಿ ಹಿಡಿದಳು. ಕೊರಳಲ್ಲಿ ಟೇಪು ಇತ್ತು. ಗಂಡ ಮನೆಯಲ್ಲೇ ಬಿಟ್ಟುಹೋಗಿದ್ದ ಚೀಲದಿಂದ ಆ ಉಕ್ಕಿನ ಪಟ್ಟಿಯನ್ನೂ ತೆಗೆದು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಯಾರ ಮುಂದೂ ಹೇಳಬೇಡವೆಂದ ಗಂಡನ ಮಾತು ಮುರಿಯಬೇಕಾಗುತ್ತದೆಂದು ಗೊತ್ತಿತ್ತು. ಮುರಿಯುತ್ತೇನೆ ಎಂದುಕೊಂಡಳು.

ಸಭೆ ನಡೆಯುವ ಹಾಲಿನಲ್ಲಿ ಫೌಂಡ್ರಿ ಮಾಲೀಕರು, ಎಂಜಿನಿಯರುಗಳು, ಅವರ ಮನೆಯವರು ತುಂಬಿದ್ದರು. ಬೆಂಚನ್ನು ಗೋಡೆಯ ಬದಿಗೆ ಇಟ್ಟಿದ್ದರು. ಪ್ರಮಿಳಾ ಹತ್ತಿರ ಹೋಗಿ ನೋಡಿ ಹಲ್ಲು ಕಚ್ಚಿದಳು. ಬೆನ್ನ ಹಲಗೆಯ ನಡುವೆ ಹಿತ್ತಾಳೆಯ ತಗಡನ್ನು ಸ್ಕ್ರೂ ಹಾಕಿ ಕೂರಿಸಿದ್ದರು, ಅದರಲ್ಲಿ ಸಾಹೇಬರ ಹೆಸರು ಕೆತ್ತಿತ್ತು. ತಗಡಿನ ಕೆಳಗಿಂದ ಛತ್ರಿಯ ಹಿಡಿಕೆಯೊಂದೇ ಹೊರಗೆ ಕಾಣುತ್ತಿತ್ತು. ಹಲಗೆಯ ಮೇಲೆ ಅಷ್ಟು ಜಾಗವಿರಲು ಮುದುಕಿಯ ಛತ್ರಿಯೇ ಬೇಕಿತ್ತೇ ಇವನಿಗೆ?

ಅಷ್ಟರಲ್ಲಿ ಮೈಕಿನಲ್ಲಿ ಯಾರೋ, "ಬೆಂಚು ವೇದಿಕೆಗೆ ಬರಲಿ" ಎಂದರು. ಸಾಹೇಬರು ಬೆರಳು ಚಿಟಿಕೆ ಹೊಡೆದರು. ಬಂದವನು ಬಂಡೆಪ್ಪ. ಇನ್ನೊಬ್ಬ ಕೆಲಸಗಾರನ ಜೊತೆ ತಾನೇ ಮಾಡಿದ ಬೆಂಚನ್ನು ತಾನೇ ಹೊತ್ತು ವೇದಿಕೆಯ ಮೇಲಿಟ್ಟು, ಬದಿಗೆ ಸರಿದು, ಶಾಲು ತೆಂಗಿನಕಾಯಿಯ ತಾಟು ಹಿಡಿದು ನಿಂತ. ಹೆಂಡತಿಯನ್ನು ಕಂಡ. ಕಣ್ಣಲ್ಲೇ ಬೇಡವೆಂದ. ಅವಳು ಬೇರೆ ಕಡೆ ನೋಡಿದಳು.

ಸಾಹೇಬರ ಭಾಷಣ ಚೆನ್ನಾಗಿತ್ತು. ಎಸೆದ ವಸ್ತುವಿನಲ್ಲಿ ಚೆಲುವನ್ನು ಕಾಣುವ ಕಣ್ಣು ಬೇಕು ಎಂದರು. ಭಾನುವಾರಗಳನ್ನು ಹೇಗೆ ಮೀಸಲಿಟ್ಟೆ, ಉಳಿ ಹಿಡಿದಾಗ ಹೇಗೆ ಮನಸ್ಸು ಶಾಂತವಾಯಿತು ಎಂದು ವಿವರಿಸಿದರು. "ಒರಟಾಗಿ ಕಂಡರೂ ಅಳತೆಯಲ್ಲಿ ನಾನು ರಾಜಿ ಮಾಡಿಕೊಂಡಿಲ್ಲ. ನಾವು ಫೌಂಡ್ರಿಯವರು. ಆರು ಅಡಿ ಎಂದರೆ ಆರು ಅಡಿ. ಯಾರಿಗಾದರೂ ಪ್ರಶ್ನೆಗಳಿದ್ದರೆ ಸಂತೋಷದಿಂದ ಉತ್ತರಿಸುತ್ತೇನೆ."

ಪ್ರಮಿಳಾ ಎದ್ದು ನಿಂತಳು.

"ನಂದೊಂದ ಪ್ರಶ್ನಾ ಐತ್ರಿ. ಒಮ್ಮೆ ಅಳದ ತೋರಸ್ತೀರೇನ್ರಿ?"

ಹಾಲಿನಲ್ಲಿ ನಗು. ಸಾಹೇಬರೂ ನಕ್ಕರು. ಮುಖ್ಯ ಅತಿಥಿಯಾಗಿ ಕೂತಿದ್ದವರು ಬಸಲಿಂಗಪ್ಪ, ಎಪ್ಪತ್ತು ದಾಟಿದ ಮುದುಕರು, ಈಗ ಎರಡು ಫೌಂಡ್ರಿಗಳ ಒಡೆಯರು. ಮರಳು ತುಳಿದು, ಅಚ್ಚು ಒತ್ತಿ ಮೇಲೆ ಬಂದವರೆಂದು ಎಲ್ಲರಿಗೂ ಗೊತ್ತಿತ್ತು. "ಅಳೀಲಿ ಬಿಡ್ರಿ, ಏನಾತು. ಬಾರವಾ ಮ್ಯಾಲ" ಎಂದು ಅವರೇ ಕರೆದರು.

ಪ್ರಮಿಳಾ ಮೇಲೆ ಹೋಗಿ ಕೊರಳ ಟೇಪು ತೆಗೆದು ಹಿಡಿದಳು. ಇನ್ನೊಂದು ತುದಿಯನ್ನು ಬಸಲಿಂಗಪ್ಪನವರು ಹಿಡಿದರು. ಬಂಡೆಪ್ಪ ತಲೆ ಕೆಳಗೆ ಹಾಕಿದ.

"ಆರು ಅಡಿ ಆರು ಸೂತ" ಎಂದು ಓದಿದರು ಮುದುಕರು. ಹುಬ್ಬು ಗಂಟಿಕ್ಕಿದರು. ತಾವೇ ಬಗ್ಗಿ ಬೆನ್ನಿನ ಎತ್ತರ ಹಿಡಿದರು. "ಮೂರು ಅಡಿ ಮೂರು ಸೂತ." ಅಗಲ ಹಿಡಿದರು. "ಒಂದೂವರಿ ಅಡಿ, ಒಂದೂವರಿ ಸೂತ." ಟೇಪು ಬಿಟ್ಟು ನೆಟ್ಟಗಾದರು. "ಅಡಿಗೊಂದ ಸೂತ!"

ಬೇರೆ ಊರಾಗಿದ್ದರೆ ಆ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಬೆಳಗಾವಿಯ ಆ ಹಾಲಿನಲ್ಲಿ ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಎಲ್ಲರಿಗೂ ತಿಳಿಯಿತು. ಪ್ರಮಿಳಾ ಸೆರಗು ಬಿಚ್ಚಿ ಉಕ್ಕಿನ ಪಟ್ಟಿಯನ್ನು ಬೆಂಚಿನ ಮೇಲಿಟ್ಟಳು. ಅಡಿಗೆ ಅಡಿ, ಇಂಚಿಗೆ ಇಂಚು ಕೂಡಿತು.

"ಈ ಪಟ್ಟಿ ಹಿಡಿಯೂ ಕೈ ಯಾವದು ಅಂತ ಇಲ್ಲಿ ಕುಂತವ್ರಿಗೆಲ್ಲಾ ಗೊತ್ತೈತಿ" ಎಂದಳು. "ಸಾಹೇಬ್ರು ಯಾವಾಗ ಹಿಡದ್ರು, ಅವರ ಹೇಳಲಿ."

ಸಾಹೇಬರ ಮುಖ ಒಂದು ಗಳಿಗೆ ಕಪ್ಪಾಯಿತು. ಒಂದೇ ಗಳಿಗೆ. ಆಮೇಲೆ ಅವರು ತಲೆಯ ಮೇಲೆ ಕೈಯಿಟ್ಟುಕೊಂಡು ಗಹಗಹಿಸಿ ನಕ್ಕರು.

"ಅಯ್ಯೋ ದೇವರೇ! ಸಿಕ್ಕಿಬಿದ್ದೆ ನೋಡಿ. ನಮ್ಮ ಪ್ಯಾಟರ್ನ್ ಶಾಪಿನ ಪಟ್ಟಿಯನ್ನೇ ಹಿಡಿದು ಅಳೆದುಬಿಟ್ಟಿದ್ದೇನೆ. ಎಂಥ ತಪ್ಪು! ಹವ್ಯಾಸಿಗಳ ಹಣೆಬರಹವೇ ಇಷ್ಟು. ತಪ್ಪನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಈ ತಂಗಿಗೆ ಧನ್ಯವಾದ."

ಸಭೆ ನಗೆಯಲ್ಲಿ ತೇಲಿತು. ಮೊದಲು ಒಬ್ಬರು, ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಎಂಥ ದೊಡ್ಡ ಮನಸ್ಸು, ಎಂಥ ಸರಳ ಮನುಷ್ಯ! ಪ್ರಮಿಳಾ ವೇದಿಕೆಯ ನಡುವೆ ಟೇಪು ಹಿಡಿದು ನಿಂತಿದ್ದಳು. ಕೆಲಸ ಕದ್ದದ್ದು ಸಾಲಲಿಲ್ಲ, ಅವಳ ಗಂಡ ಇಷ್ಟು ದಿನ ಯಾರಿಗೂ ಹೇಳದೆ ಎದೆಯಲ್ಲಿಟ್ಟುಕೊಂಡು ಕೊರಗಿದ ತಪ್ಪನ್ನೂ ಈ ಮನುಷ್ಯ ಕಣ್ಣೆದುರಿಗೇ ಕದ್ದು ಜೇಬಿಗೆ ಹಾಕಿಕೊಂಡಿದ್ದ. ಅದಕ್ಕೂ ಅವನಿಗೇ ಚಪ್ಪಾಳೆ! ಇನ್ನು ಏನೆಂದು ಬೈಯಬೇಕೆಂದು ಅವಳಿಗೆ ಹೊಳೆಯಲಿಲ್ಲ.

ತಾಟು ಸದ್ದಾಯಿತು. ಬಂಡೆಪ್ಪ ಅದನ್ನು ನೆಲಕ್ಕಿಟ್ಟಿದ್ದ.

"ಆ ತಪ್ಪ ನಂದರೀ" ಎಂದ.

ಮೈಕಿರಲಿಲ್ಲ, ಮುಂದಿನ ಸಾಲಿನವರಿಗಷ್ಟೇ ಕೇಳಿಸಿತು. ಅವನು ಇನ್ನೊಂದು ಹೆಜ್ಜೆ ಮುಂದೆ ಬಂದು ಮತ್ತೆ ಹೇಳಿದ. "ಆ ತಪ್ಪ ನಾ ಮಾಡಿದ್ದರೀ. ಇಪ್ಪತ್ತೆರಡ ವರ್ಷ ಅದೇ ಪಟ್ಟಿ ಹಿಡದ ಕೈ ಇದು, ಮನಿಗೆ ಮಾಡೂ ಮುಂದನೂ ಅದನ್ನ ಹಿಡೀತು. ಎಲ್ಲಾರೂ ನಗ್ರಿ ಬೇಕಾದ್ರ. ಅದು ಸಾಹೇಬ್ರ ತಪ್ಪಲ್ಲ. ಅವರಿಗೆ ಅಂಥಾ ತಪ್ಪ ಮಾಡಾಕ ಆಗೂದಿಲ್ಲ."

ಯಾರೂ ನಗಲಿಲ್ಲ.

"ಬಂಡೆಪ್ಪ, ನಿನಗ ತಲಿ ಕೆಟ್ಟದೇನು? ಕೆಳಗ ಇಳಿ" ಎಂದರು ಸಾಹೇಬರು, ಮೈಕಿನಿಂದ ಮುಖ ತಿರುಗಿಸಿ.

"ಇಳೀತೇನ್ರಿ. ಒಂದ ಮಾತು. ಈ ಬೆಂಚಿನ್ಯಾಗ ಒಂದ ಅಳತಿ ಮಾತ್ರ ತಪ್ಪಿಲ್ಲ. ಅದು ಟೇಪಿಗೂ ಬರಂಗಿಲ್ಲ, ಪಟ್ಟಿಗೂ ಬರಂಗಿಲ್ಲ. ಯಾವ ಅಳತಿ, ಯಾಕ ಅಷ್ಟ ಐತಿ, ಮಾಡಿದವ್ರಾದ್ರ ನೀವ ಹೇಳ್ರಿ."

ಸಾಹೇಬರು ಬೆಂಚನ್ನು ಮೇಲಿಂದ ಕೆಳಕ್ಕೆ ನೋಡಿದರು. ಹಾಲಿನಲ್ಲಿ ಕುರ್ಚಿಗಳು ಕಿರುಗುಟ್ಟಿದವು.

"ನೀನ ಹೇಳಪಾ" ಎಂದರು ಬಸಲಿಂಗಪ್ಪ.

"ಕುಂದರೂ ಎತ್ತರರೀ, ಯಜಮಾನ್ರ."

ಮುದುಕರು ಟೇಪು ತೆಗೆದುಕೊಂಡು ನೆಲದಿಂದ ಹಲಗೆಯವರೆಗೆ ಹಿಡಿದರು. ಹದಿನಾಲ್ಕು ಇಂಚು, ಮೇಲೆ ಐದು ಸೂತ. ಉಕ್ಕಿನ ಪಟ್ಟಿಗೂ ಹಿಡಿದರು, ಅಲ್ಲೂ ಯಾವ ಗೆರೆಗೂ ಕೂಡಲಿಲ್ಲ. "ಬೆಂಚಂದ್ರ ಹದಿನೆಂಟ ಇಂಚ ಮಾಡತಾರ. ಇದ್ಯಾಕ ಇಷ್ಟ ಗಿಡ್ಡ?"

"ನಮ್ಮವ್ವನ ಮೊಣಕಾಲ ಅಷ್ಟ ಅದಾವರೀ" ಎಂದ ಬಂಡೆಪ್ಪ. "ದಾರ ಹಿಡದ ಅಳದದ್ದು."

ಬಸಲಿಂಗಪ್ಪನವರು ನಿಧಾನಕ್ಕೆ ಆ ಬೆಂಚಿನ ಮೇಲೆ ಕೂತರು. ಅವರದು ಎತ್ತರದ ಆಳು, ಮೊಣಕಾಲು ಎದೆಯ ಹತ್ತಿರ ಬಂದವು. ಹಾಗೆಯೇ ಕೂತು ಶಶಿಧರ ಸಾಹೇಬರ ಉದ್ದನ್ನ ಕಾಲುಗಳನ್ನು ನೋಡಿದರು. ಇಡೀ ಸಭೆ ಅದನ್ನೇ ನೋಡಿತು.

"ಪ್ರೋತ್ಸಾಹ, ಮ್ಯಾಲ್ವಿಚಾರಣೆ ಎಲ್ಲಾ ನಂದ ಇತ್ತಲ್ರಿ..." ಎಂದು ಸಾಹೇಬರು ಶುರು ಮಾಡಿದರು. ದನಿ ಅರ್ಧಕ್ಕೇ ನಿಂತಿತು. ಸಂಘದ ಕಾರ್ಯದರ್ಶಿ ಓಡಿಬಂದು, ಬಹುಮಾನವನ್ನು ಇಬ್ಬರಿಗೂ ಕೂಡಿಸಿ ಕೊಡೋಣ, ಶಾಲು ಇನ್ನೊಂದು ತರಿಸೋಣ ಎಂದು ಬಸಲಿಂಗಪ್ಪನವರ ಕಿವಿಯಲ್ಲಿ ಉಸುರಿದ. ಇಬ್ಬರಿಗೂ! ಪ್ರಮಿಳಾಗೆ ಮತ್ತೆ ನೆತ್ತಿಗೇರಿತು.

"ಶಾಲ ನಿಮ್ಮ ಹಂತೇಕ ಇರಲಿ. ನಮಗ ಬೆಂಚ ಬೇಕು. ನಮ್ಮತ್ತಿ ಹದಿನೈದ ದಿವಸದಿಂದ ನೆಲದ ಮ್ಯಾಲ ಕುಂತಾಳ."

"ಪ್ರದರ್ಶನ ನಾಳೆಯವರೆಗೆ ಇದೆಯಮ್ಮಾ" ಎಂದ ಕಾರ್ಯದರ್ಶಿ.

ಬಂಡೆಪ್ಪ ಮೈಕಿನ ವೈರು ನೋಡಿಕೊಳ್ಳುತ್ತಿದ್ದವನ ಹತ್ತಿರ ಹೋಗಿ ಸ್ಕ್ರೂಡ್ರೈವರ್ ಕೇಳಿ ತಂದ. ಮಂಡಿಯೂರಿ ಕೂತು ಹಿತ್ತಾಳೆ ತಗಡಿನ ನಾಲ್ಕು ಸ್ಕ್ರೂ ಬಿಚ್ಚಿದ. ಕಟ್ಟಿಗೆ ಸೀಳದಂತೆ, ಅವಸರ ಮಾಡದೆ, ಒಂದೊಂದನ್ನೇ ಅಂಗೈಯಲ್ಲಿ ಇಟ್ಟುಕೊಂಡ. ತಗಡು ಬಂತು, ಕೆಳಗಿನ ಛತ್ರಿಯಲ್ಲಿ ನಾಲ್ಕು ತೂತು ಉಳಿದವು. ಅವನು ಎದ್ದು, ತಗಡನ್ನೂ ಸ್ಕ್ರೂಗಳನ್ನೂ ಎರಡು ಕೈಯಲ್ಲಿ ಹಿಡಿದು ಸಾಹೇಬರ ಮುಂದೆ ಚಾಚಿದ.

"ಇದೊಂದ ನಿಮ್ಮದರೀ, ಸಾಹೇಬ್ರ."

ಸಾಹೇಬರು ತೆಗೆದುಕೊಂಡರು. ಅಷ್ಟು ಜನರ ಎದುರು ಬೇರೇನು ಮಾಡಲಾದೀತು? ತೆಗೆದುಕೊಳ್ಳುತ್ತ ಹಲ್ಲಿನ ಸಂದಿಯಿಂದ, "ನಾಳೆ ಕೆಲಸಕ್ಕ ಬರೂದು ಬ್ಯಾಡೇನು ನಿನಗ?" ಎಂದರು.

"ಬರತೇನ್ರಿ" ಎಂದ ಬಂಡೆಪ್ಪ, ನಿಜಕ್ಕೂ ಅಚ್ಚರಿಯಿಂದ. "ಬುಧವಾರ ಎರಕ ಐತಿ. ಅಚ್ಚ ಯಾರ ಮುಗಸ್ತಾರ?"

ಬಸಲಿಂಗಪ್ಪನವರು ಬೆಂಚಿನಿಂದೆದ್ದು ಜಾಗ ಬಿಟ್ಟರು. ಬಂಡೆಪ್ಪ ಒಂದು ತುದಿ ಹಿಡಿದ, ಪ್ರಮಿಳಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಇನ್ನೊಂದು ತುದಿ ಹಿಡಿದಳು. ಕುರ್ಚಿಗಳ ನಡುವಿನ ದಾರಿಯಲ್ಲಿ ಜನ ಕಾಲು ಮಡಚಿಕೊಂಡರು. ಹಿಂದೆ ಎಲ್ಲೋ ಒಬ್ಬರು ಚಪ್ಪಾಳೆ ಶುರು ಮಾಡಿದರು, ಅದು ಯಾರಿಗೆಂದು ಅವಳು ತಿರುಗಿ ನೋಡಲಿಲ್ಲ.

ಹಾಲಿನ ಬಾಗಿಲ ಒಂದು ಕದವನ್ನಷ್ಟೇ ತೆರೆದಿದ್ದರು. ಬಂಡೆಪ್ಪ ಹೊಸ್ತಿಲಲ್ಲಿ ನಿಂತು, ಒಮ್ಮೆ ಬೆಂಚನ್ನೂ ಒಮ್ಮೆ ಬಾಗಿಲನ್ನೂ ಕಣ್ಣಲ್ಲೇ ಅಳೆದ.

"ಹಿಡಸತೈತೇನ್ರಿ?" ಎಂದಳು ಪ್ರಮಿಳಾ.

"ಸ್ವಲ್ಪ ಓರೆ ಮಾಡು."

ಅವಳು ಓರೆ ಮಾಡಿದಳು. ಬೆಂಚು ಹೊರಗೆ ಬಂತು.